ಎಡಗಡೆಯ ಸಲಾಮ್

ಆಳಂದ
14 ನವೆಂಬರ್ 1980

ಸಲಾವುದ್ದೀನ,

ಸಲಾಮಿಗೂ ಟ್ಯಾಕ್ಸ್ ಬಿದ್ದದೇನು ಎಂದು ನೀನು ಅಂದದ್ದೋ, ನಿನ್ನ ಮಗ್ಗುಲಲ್ಲಿ ನಿಂತವರು ಯಾರಾದರೂ ಅಂದದ್ದೋ, ನನಗೆ ಇಂದಿಗೂ ಖಾತ್ರಿಯಿಲ್ಲ. ಸಂತೆಯ ಗದ್ದಲದಲ್ಲಿ ಎಡಕಿವಿಗೆ ಬಿದ್ದ ಮಾತು ಅದು. ನನಗಾಗಿ ಆಡಿದ್ದೆಂದು ತಿಳಿಯದೆ ಬಟ್ಟೆ ಅಂಗಡಿ ದಾಟಿ ಕಾಳು ಮಾರುವ ಗಂಜಿನ ಕಡೆಗೆ ನಡೆದುಬಿಟ್ಟೆ. ಆಮೇಲೆ ನೀನು ಕಣ್ಣಿಗೆ ಹಚ್ಚುವ ನಿನ್ನ ಸುರ್ಮಾದ ಗಂಟು ಹೊತ್ತು ಆಳಂದದ ಸಂತೆಗೆ ಬರುವುದನ್ನು ನಿಲ್ಲಿಸಿದೆ. ಆರೇಳು ವರ್ಷವಾಗಿರಬೇಕು. ನಾನೂ ಕಾರಣ ಕೇಳಲಿಲ್ಲ. ಅಡತಿ ಅಂಗಡಿಯಲ್ಲಿ ಕೂತವನಿಗೆ ಬರುವವರು ಬರುತ್ತಾರೆ, ಬಿಡುವವರು ಬಿಡುತ್ತಾರೆ ಎಂಬ ರೂಢಿ ಬಿದ್ದಿರುತ್ತದೆ.

ಹೋದ ವಾರ ನಿಮ್ಮೂರಿನ ಮಲ್ಲಣ್ಣ ಉದ್ದು ತಂದಿದ್ದ. ಚಹಾ ಕುಡಿಯುತ್ತ ನಿನ್ನ ಸುದ್ದಿ ತೆಗೆದ. “ಸಲಾವುದ್ದೀನ ಸಾಬರಿಗೆ ಮೋತಿಬಿಂದು ಬಂದದ್ರಿ ರಾಯರ, ಕಣ್ಣಿಗಿ ಪೊರಿ. ಬಾಟ್ಲಿಗೆ ಸುರ್ಮಾ ತುಂಬಾಕ ಹೋಗಿ ತೊಡಿ ಮ್ಯಾಲೆ ಸುರಕೊಂತಾರ. ಡಾಕ್ಟರ್ ಕಡಿ ಹೋಗ್ರಿ ಅಂದ್ರ ಬೈತಾರ. ಇನ್ನಾ ಹಣ್ಣಾಗಿಲ್ಲ, ಹಣ್ಣಾಗಲಿ ಅಂತಾರ” ಎಂದ.

ಹಣ್ಣಾಗಲಿ. ಈ ಮಾತನ್ನು ನಾನೂ ಆಡಿದ್ದೇನೆ. ಎಡಗಣ್ಣು ಮಬ್ಬಾಯಿತೆಂದು ಹೋದಾಗ ಇಲ್ಲಿಯ ಕಂಪೌಂಡರ್ ಟಾರ್ಚ್ ಹಿಡಿದು ನೋಡಿ, “ಮೋತಿಬಿಂದುರಿ. ಇನ್ನಾ ಹಸಿ ಅದ. ತೊಗರಿ ರಾಶಿ ಮುಗೀಲಿ, ನೋಡೋಣು” ಎಂದಿದ್ದ. ರಾಶಿ ಮುಗಿಯಿತು. ಇನ್ನೊಂದು ರಾಶಿ ಬಂತು. ಹಸಿ ಕಾಳನ್ನು ತೂಕಕ್ಕೆ ತರಬಾರದೆಂದು ಹುಟ್ಟಿನಿಂದ ಕೇಳಿದವರು ನಾವು. ಕಾಯುವುದು ನಮಗೆ ಕಷ್ಟದ ಕೆಲಸವೇ ಅಲ್ಲ.

ಈ ಬೇಸಿಗೆಯಲ್ಲಿ ಸೊಲ್ಲಾಪುರದ ಡಾಕ್ಟರರು ನನ್ನನ್ನು ಒಂದು ಕರಿ ಬಟ್ಟೆಯ ಪರದೆಯ ಮುಂದೆ ಕೂರಿಸಿದರು. ಒಂದು ಕಣ್ಣು ಮುಚ್ಚಿಕೊಂಡು, ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಅವರು ಕಡ್ಡಿಯ ತುದಿಗೆ ಸಿಕ್ಕಿಸಿದ ಬಿಳಿ ಗುಂಡುಸೂಜಿಯನ್ನು ಅಂಚಿನಿಂದ ಮೆಲ್ಲಗೆ ಒಳಗೆ ತರುತ್ತಾರೆ. ಕಂಡ ಕೂಡಲೇ ಹೇಳಬೇಕು. ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಅವರು ಇನ್ನೂ ಸುರುಮಾಡಿಲ್ಲ ಎಂದುಕೊಂಡಿದ್ದೆ. ಹಿಂದೆ ನಿಂತಿದ್ದ ನಮ್ಮ ಮನೆಯವಳು ಗುರುಬಾಯಿಗೆ ತಡೆಯಲಾಗಲಿಲ್ಲ. “ಸೂಜಿ ಮೂಗಿನ ಮುಂದ ಬಂತಲ್ರಿ, ಹೇಳ್ರಿ!” ಎಂದಳು.

ನನ್ನದು ಮೋತಿಬಿಂದು ಅಲ್ಲವಂತೆ. ಕಾಲಾ ಮೋತಿಯಾ. ಕಣ್ಣಿನೊಳಗಿನ ನೀರು ಹೊರಹೋಗುವ ದಾರಿ ಕಟ್ಟಿಕೊಂಡು ಒತ್ತಡ ಏರುತ್ತದೆ, ಹಿಂದಿನ ನರ ಒಣಗುತ್ತ ಬರುತ್ತದೆ. ನೋವಿಲ್ಲ. ಮೊದಲು ಅಂಚು ಹೋಗುತ್ತದೆ, ನಡುಭಾಗ ಕೊನೆಗೆ. ಆದ್ದರಿಂದಲೇ ನಾನು ಕಾಗದ ಓದಬಲ್ಲೆ, ಬೊಗಸೆಯ ತೊಗರಿಯಲ್ಲಿ ಹುಳ ಹಿಡಿದ ಕಾಳನ್ನು ಆರಿಸಬಲ್ಲೆ, ಆದರೆ ಎಡಕ್ಕೆ ನಿಂತ ಮನುಷ್ಯ ಕಾಣುವುದಿಲ್ಲ. ಮೋತಿಬಿಂದು ತೆಗೆದರೆ ದೃಷ್ಟಿ ಮರಳುತ್ತದೆ. ಇದರಲ್ಲಿ ಹೋದದ್ದು ಹೋಯಿತು. ಉಳಿದದ್ದನ್ನು ಹನಿ ಹಾಕಿಕೊಂಡು ಕಾಯಬೇಕು. ಅನುಭವಿಸುವವನಿಗೆ ಎರಡೂ ಮಬ್ಬೇ. ಯಾವುದು ಯಾವುದೆಂದು ಕಂಪೌಂಡರನ ಟಾರ್ಚಿಗೂ ಗೊತ್ತಾಗಲಿಲ್ಲ.

ಸಂತೆಯ ಆ ದಿನ ನೀನು ಎಡಗಡೆ ಇದ್ದೆ. ಇಷ್ಟನ್ನು ಹೇಳಬೇಕಾಗಿತ್ತು.

ನಿನ್ನದು ಯಾವುದೆಂದು ಯಾರಿಗಾದರೂ ತೋರಿಸಿದ್ದೀಯಾ? ಸಂಕ್ರಾಂತಿ ಆದಮೇಲೆ ಜೇವರ್ಗಿಯ ಶಾಲೆಯೊಂದರಲ್ಲಿ ಕಣ್ಣಿನ ಕ್ಯಾಂಪ್ ಇದೆ.

ದೌಲತರಾಯ


ಅಫಜಲಪುರ
3 ಡಿಸೆಂಬರ್ 1980

ದೌಲತರಾಯರಿಗೆ ಸಲಾಮ್.

ತಮ್ಮ ಪತ್ರ ಮುಟ್ಟಿತು. ನನ್ನ ಮಗಳು ಫಕ್ರುನ್ನಿಸಾ ಓದಿ ಹೇಳಿದಳು. ಇದನ್ನು ನಾನು ಹೇಳಿದಂತೆ ಬರೆಯುತ್ತಿರುವವಳೂ ಅವಳೇ. ತಮ್ಮ ಕಣ್ಣಿನ ಸಂಗತಿ ಕೇಳಿ ಕೆಡುಕೆನಿಸಿತು.

ಆದರೆ ಎಡಗಡೆಯ ಲೆಕ್ಕ ನನಗೆ ಒಪ್ಪಿಗೆಯಾಗಲಿಲ್ಲ. ಅಂದು ನಾನು ಕೈ ಎತ್ತಿದಾಗ ತಮ್ಮ ಕಣ್ಣು ತೆರೆದಿತ್ತು. ತೆರೆದ ಕಣ್ಣು, ಬೆಳಕಿದ್ದಾಗ, ಎರಡು ಮಾರು ದೂರದಲ್ಲಿ ನಿಂತವನನ್ನು ನೋಡುವುದಿಲ್ಲ ಎಂದರೆ ಕಣ್ಣಿನ ಸೇವೆಯಿಂದ ಹೊಟ್ಟೆ ಹೊರೆದವನು ನಂಬುವುದು ಹೇಗೆ? ನಿಜಾಮರ ಆಡಳಿತ ಮುಗಿದ ಆ ವರ್ಷ ನಮ್ಮವರಿಗೆ ಏನೇನಾಯಿತೆಂದು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಬ್ಬಾ ಆಳಂದದ ಮನೆಗೆ ಕೀಲಿ ಹಾಕಿ ಅಫಜಲಪುರಕ್ಕೆ ಬಂದರು. ಆಮೇಲೆ ಆಳಂದದ ಸಂತೆಯಲ್ಲಿ ಕೂತಾಗ ನಾನಾಗಿ ಮೊದಲು ಕೈ ಎತ್ತುತ್ತಿದ್ದುದು ಒಬ್ಬರಿಗೆ ಮಾತ್ರ. ಆ ಸಲಾಮು ಆ ದಿನ ಎಲ್ಲರ ಎದುರು ನೆಲಕ್ಕೆ ಬಿತ್ತು. ಟ್ಯಾಕ್ಸಿನ ಮಾತು ಆಡಿದವನು ನಾನೇ. ತಾವು ಸಂಶಯ ಇಟ್ಟುಕೊಳ್ಳುವುದು ಬೇಡ.

ಕ್ಯಾಂಪಿನ ವಿಷಯ. ನನ್ನ ಕಣ್ಣಿಗೆ ನನ್ನ ಮನೆಯ ಮದ್ದು ಇದೆ. ಸುರ್ಮಾ ಮಾರುವವನೇ ಹೋಗಿ ಕಣ್ಣು ಕೊಯ್ಯಿಸಿಕೊಂಡ ಎಂದು ಸುದ್ದಿಯಾದರೆ ನಾಳೆ ನನ್ನ ಬಾಟಲಿ ಯಾರು ಕೊಳ್ಳುತ್ತಾರೆ? ಘತ್ತರಗಿಗೆ ನಡೆದು ಬರುವ ಹೆಣ್ಣುಮಕ್ಕಳು ಭಾಗ್ಯವಂತಿ ದೇವಿಗೆ ಕಾಯಿ ಒಡೆಸಿ, ಹೊಳೆ ದಂಡೆಯಲ್ಲಿ ನನ್ನ ಸುರ್ಮಾ ಕಟ್ಟಿಸಿಕೊಂಡೇ ಬಸ್ಸು ಹತ್ತುತ್ತಾರೆ. ಅದೆಲ್ಲವನ್ನೂ ಭೀಮಾ ನದಿಗೆ ಸುರಿಯಬೇಕಾದೀತು.

ತಾವು ಇನ್ನು ಬರೆಯುವ ತೊಂದರೆ ತೆಗೆದುಕೊಳ್ಳಬಾರದು.

ಸಲಾವುದ್ದೀನ

ಚಾಚಾ, ಇಲ್ಲಿಂದ ಕೆಳಗಿನದು ನನ್ನದು. ಅಬ್ಬಾ ನಮಾಜಿಗೆ ಎದ್ದು ಹೋದರು. ತಮ್ಮ ಪತ್ರದಲ್ಲಿ ಸೂಜಿಯ ಭಾಗ ಬಂದಾಗ “ನಿಲ್ಲು ಬೇ, ಅದನ್ನ ಇನ್ನೊಮ್ಮೆ ಓದು” ಅಂದರು. ಮುಗಿದ ಮೇಲೆ, “ಸುರ್ಮಾದಿಂದ ಆತು ಅಂತ ಎಲ್ಲ್ಯಾರ ಬರ್ದಾನೇನು?” ಎಂದು ಕೇಳಿದರು. ಇಲ್ಲ ಅಂದೆ. “ಛಲೋತ್ನ್ಯಾಗಿ ನೋಡು” ಅಂದರು. ನೋಡಿ, ಇಲ್ಲ ಅಂದೆ. ಆಮೇಲೂ ಕೇಳಿದರು. ತಾವು ಚಿಕ್ಕಂದಿನಿಂದ ನಮ್ಮ ಮನೆಯ ಸುರ್ಮಾ ಹಚ್ಚುತ್ತಿದ್ದಿರಂತೆ. ವ್ಯಾಪಾರದ ಮಾತು ಅವರು ತಮಗೆ ಹೇಳಲು ಹುಡುಕಿಕೊಂಡ ನೆಪ. ನಾನು ಇಲ್ಲಿಯ ಉರ್ದು ಶಾಲೆಯಲ್ಲಿ ಕಲಿಸುತ್ತೇನೆ. ತಾವು ಶಾಲೆಯ ವಿಳಾಸಕ್ಕೂ ಬರೆಯಬಹುದು.


ಆಳಂದ
17 ಡಿಸೆಂಬರ್ 1980

ಸಲಾವುದ್ದೀನ,

ಬರೆಯಬಾರದು ಎಂದವರಿಗೆ ಬರೆಯುತ್ತಿದ್ದೇನೆ. ನನ್ನನ್ನು ನೀನು ‘ತಾವು’ ಎಂದು ಕರೆದದ್ದನ್ನು ಗುರುಬಾಯಿಗೆ ಓದಿ ಹೇಳಿದೆ. ಅವಳು ನಗಬೇಕೋ ಬೇಡವೋ ಎಂದು ನನ್ನ ಮುಖ ನೋಡಿದಳು.

ದಿನಕ್ಕೆ ನಾಲ್ಕು ಸಲ ಹನಿ ಹಾಕುವವಳು ಅವಳೇ. ಹನಿ ಬಿದ್ದ ಮೇಲೆ ಹುಬ್ಬು ನೋಯುತ್ತದೆ. ಪಾಪೆ ಸಣ್ಣದಾಗಿ ನಡುಮಧ್ಯಾಹ್ನದಲ್ಲೇ ಸಂಜೆಯಾದಂತಿರುತ್ತದೆ. ನಾನು ರೆಪ್ಪೆ ಬಿಗಿಹಿಡಿಯುತ್ತೇನೆ. “ಕಣ್ಣು ತೆರೀರಿ. ಮದಿವ್ಯಾಗೂ ನೀವು ಇಷ್ಟು ನಾಚಿರಲಿಲ್ಲ” ಎಂದು ಬೈಯುತ್ತಾಳೆ. ಆಗೆಲ್ಲ ನಿನ್ನ ಅಬ್ಬಾ ನೆನಪಾಗುತ್ತಾರೆ. ಅವರ ಕೈಯಲ್ಲೂ ನಾನು ಹೀಗೆಯೇ ರೆಪ್ಪೆ ಬಿಗಿಹಿಡಿಯುತ್ತಿದ್ದೆ.

ನಿನ್ನ ಅಬ್ಬಾ ದಾವಲಸಾಬರ ಕರಿ ಕಲ್ಲಿನ ಖರಲು ಈಗ ಎಲ್ಲಿದೆ? ದರ್ಗಾದ ಓಣಿಯ ನಿಮ್ಮ ಪಡಸಾಲೆಯಲ್ಲಿ ಅದರ ಎರಡು ಕಡೆ ನಾವಿಬ್ಬರೂ ಕೂತು ಸರದಿಯ ಮೇಲೆ ಸುರ್ಮಾ ಅರೆಯುತ್ತಿದ್ದೆವು. ಮೊದಲು ಹರಳು ಒಡೆಯುವ ಸಪ್ಪಳ, ಆಮೇಲೆ ಮರಳಿನದು. ಗುಲಾಬಿ ನೀರು ಹನಿಸಿದ ಮೇಲೆ ಯಾರೋ ದೂರದಲ್ಲಿ ಪಿಸುಗುಡುವಂಥದು. ನಿನ್ನ ಅಬ್ಬಾ ಕಣ್ಣಿನಿಂದ ನೋಡುತ್ತಲೇ ಇರಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದರು. “ಇನ್ನಾ ಮಾತಾಡಾಕತ್ತದ. ಅರೀರಿ ಮಕ್ಕಳ್ಯಾ” ಎನ್ನುತ್ತಿದ್ದರು. ಕಲ್ಲು ಮಾತು ಬಿಟ್ಟಾಗ ಸುರ್ಮಾ ಆಯಿತು. ಮೊದಲ ಕಡ್ಡಿ ನಮ್ಮಿಬ್ಬರ ಕಣ್ಣಿಗೆ. ಉರಿ ಇಳಿಯುವವರೆಗೆ ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ಅಂಗಳದಲ್ಲಿ ಕುಣಿಯುತ್ತಿದ್ದೆವು. ಮನೆಗೆ ಹೋದರೆ ನಮ್ಮ ಅವ್ವ, “ಬಂದ ನೋಡ್ರಿ ಸಾಬರ ಮನಿ ಅಳಿಯ” ಎನ್ನುತ್ತಿದ್ದಳು.

ಮಾದನಹಿಪ್ಪರಗಾದ ಕಡೆಯಿಂದ ಬರುವ ಮೋಟಾರನ್ನು ಯಾರು ಮೊದಲು ಕಾಣುತ್ತಾರೆಂದು ಊರ ಹೊರಗಿನ ಕಟ್ಟೆಯ ಮೇಲೆ ಪಂದ್ಯ ಹಾಕುತ್ತಿದ್ದೆವು. ನಾನು ಮೋಟಾರು ಕಾಣುವ ತನಕ ಕಾಯುತ್ತಿದ್ದೆ. ನೀನು ಧೂಳು ನೋಡಿಯೇ “ಬಂತು” ಎನ್ನುತ್ತಿದ್ದೆ. ಒಮ್ಮೆಯೂ ಸೋಲಲಿಲ್ಲ.

ನೀನು ಕೇಳಿಲ್ಲ, ಆದರೂ ಒಂದು ಸಂಗತಿ. ಸುರ್ಮಾದಿಂದ ಹೀಗಾಯಿತೇ ಎಂದು ನಾನು ಸೊಲ್ಲಾಪುರದ ಡಾಕ್ಟರರನ್ನು ಕೇಳಿದ್ದೆ. ಅವರು ಕೈ ತೊಳೆಯುತ್ತಿದ್ದರು. “ಈ ರೋಗ ಸುರ್ಮಾದಿಂದ ಬರೋದಲ್ಲ, ಸುರ್ಮಾದಿಂದ ಹೋಗೋದೂ ಅಲ್ಲ. ಇನ್ನ ಮುಂದ ಏನೂ ಹಚ್ಚಬ್ಯಾಡ್ರಿ. ಆದ್ರ ಹಚ್ಚಿದವ್ರನ್ನ ಬೈಬ್ಯಾಡ್ರಿ. ನೀವು ಕಾಯ್ಕೊಂತ ಕೂತ್ರಿ, ಅದು ತಿನಕೊಂತ ಹೋತು” ಎಂದರು.

ಕಂದೀಲು ನೋಡಿದಾಗ ಅದರ ಸುತ್ತ ಬಣ್ಣದ ಬಳೆ ಕಾಣುತ್ತದೆಯೇ? ನಡೆಯುವಾಗ ಬಾಗಿಲ ಚೌಕಟ್ಟು ಹೆಗಲಿಗೆ ಬಡಿಯುತ್ತದೆಯೇ? ಅಥವಾ ಎಲ್ಲವೂ ಹೊಗೆಯೊಳಗಿಂದ ಕಂಡಂತೆಯೋ? ಕೇಳಿದ್ದಕ್ಕೆ ಉತ್ತರ ಬರೆಯದಿದ್ದರೂ ನಡೆದೀತು, ತೋರಿಸಿಕೋ. ಮೋತಿಬಿಂದುವಾದರೆ ಕಾಯಬಹುದು, ಅಲ್ಲವಾದರೆ ಒಂದು ದಿನವೂ ಕಾಯಬಾರದು. ಯಾವುದೆಂದು ತಿಳಿಯದೆ ನೀನು ಕಾಯುತ್ತಿರುವೆ, ನನಗೆ ಅದೇ ಚಿಂತೆ.

ಆಳಂದ ಬೇಡ, ಅಫಜಲಪುರ ಬೇಡ. ಜೇವರ್ಗಿಯಲ್ಲಿ ನಿನ್ನ ಗುರುತು ಯಾರಿಗಿದೆ? ಕ್ಯಾಂಪಿನ ಎರಡನೆಯ ದಿನ ನಾನು ಅಲ್ಲಿಗೆ ಬರುತ್ತೇನೆ.

ದೌಲತರಾಯ


ಅಫಜಲಪುರ
9 ಜನವರಿ 1981

ಚಾಚಾ ಅವರಿಗೆ ಆದಾಬ್.

ಅಬ್ಬಾ ಉತ್ತರ ಹೇಳಿಲ್ಲ. ನಾನೇ ಗಮನಿಸಿ ಬರೆಯುತ್ತಿದ್ದೇನೆ. ಚೌಕಟ್ಟು ಬಡಿಯುವುದಿಲ್ಲ. ಬಳೆ ಕಾಣುತ್ತದೆಯೇ ಎಂದು ಕೇಳಿದೆ, “ಬಳಿ ನಿಮ್ಮವ್ವ ಹಾಕ್ಕೊಂತಾಳ, ಕಂದೀಲಲ್ಲ” ಅಂದರು. ಹೊಗೆಯ ಹಾಗೆ ಅನ್ನುವುದು ನಿಜ. ನಡುಬಿಸಿಲಲ್ಲಿ ಎದುರಿನವರು ಗುರುತಾಗುವುದಿಲ್ಲ, ಹೊತ್ತು ಇಳಿದ ಮೇಲೆ ಸ್ವಲ್ಪ ವಾಸಿ. ತೊಂದರೆ ಯಾವುದಿರಬಹುದು?

ತಮ್ಮ ಪತ್ರದ ಖರಲಿನ ಭಾಗ ಓದುವಾಗ ಎದ್ದು ಅಟ್ಟದ ಕೆಳಗೆ ಹೋಗಿ ಅದನ್ನು ತಡವಿ ಬಂದರು. ನಿನ್ನೆ ಬಜಾರದಿಂದ ತಲೆಗೆ ಸುತ್ತುವ ಒಂದು ಬಿಳಿ ಪಟಕಾ ತರಿಸಿದ್ದಾರೆ. ಟೋಪಿ ಹಾಕುವವರಿಗೆ ಪಟಕಾ ಯಾಕೆ ಎಂದರೆ ಹೇಳುತ್ತಿಲ್ಲ.

ಫಕ್ರುನ್ನಿಸಾ


ಆಳಂದ
27 ಜನವರಿ 1981

ಸಲಾವುದ್ದೀನ,

ನೀನು ಬರಲಿಲ್ಲ.

ಗುಲಬರ್ಗಾದಲ್ಲಿ ಬಸ್ಸು ಬದಲಿಸಿ ಜೇವರ್ಗಿ ಮುಟ್ಟುವಷ್ಟರಲ್ಲಿ ಹೊತ್ತು ಏರಿತ್ತು. ಶಾಲೆಯ ಮೈದಾನದಲ್ಲಿ ಬಂಡಿಗಳು, ಬಿಟ್ಟ ಎತ್ತುಗಳು, ಕಟ್ಟಿಗೆಯ ಒಲೆಯ ಮೇಲೆ ಗಂಜಿಯ ಹಂಡೆ. ಮೇಜಿನ ಹಿಂದೆ ಕೂತವರನ್ನು ಅಫಜಲಪುರದ ಸಲಾವುದ್ದೀನ ಬಂದಿದ್ದಾರೆಯೇ ಎಂದು ಕೇಳಿದೆ. ಆ ಹೆಸರಿನವರು ಯಾರೂ ಇಲ್ಲ ಎಂದರು. ಇನ್ನೊಮ್ಮೆ ನೋಡಿ ಎಂದೆ. “ಇಲ್ಲಂದ್ರ ಇಲ್ರಿ ಯಜಮಾನ್ರ. ಹಿಂದ ಪಾಳಿ ಅದ” ಎಂದರು.

ಆದರೂ ಮನಸ್ಸು ಕೇಳದೆ ವರಾಂಡಕ್ಕೆ ಹೋದೆ. ಆಪರೇಷನ್ನಿಗೆ ಆರಿಸಿದವರನ್ನು ಗೋಡೆಗೆ ಸಾಲಾಗಿ ಕೂರಿಸಿದ್ದರು. ಎಲ್ಲರಿಗೂ ಹನಿ ಹಾಕಿ, ಕಣ್ಣಿನ ಮೇಲೆ ಒದ್ದೆ ಹತ್ತಿ ಇಟ್ಟು, ಮಾತಾಡಬಾರದೆಂದು ತಾಕೀತು ಮಾಡಿದ್ದರು. ಅಷ್ಟು ಮಂದಿ ಮುಖವನ್ನು ಮೇಲೆತ್ತಿ ಸುಮ್ಮನೆ ಕೂತದ್ದನ್ನು ನಾನು ಎಲ್ಲಿಯೂ ನೋಡಿರಲಿಲ್ಲ. ನನಗೆ ಈಗ ಇಡೀ ಸಾಲು ಒಮ್ಮೆಗೇ ಕಾಣುವುದಿಲ್ಲ. ಒಂದೊಂದೇ ಮುಖವನ್ನು ನೋಡುತ್ತ ಹೋದೆ. ಗಡ್ಡವಿದ್ದವರನ್ನೆಲ್ಲ ಬಾಗಿಲಲ್ಲೇ ಕ್ಷೌರಿಕ ನುಣ್ಣಗೆ ಮಾಡಿ ಕಳಿಸುತ್ತಿದ್ದ. ನೀನು ಗಡ್ಡ ಬಿಟ್ಟಿದ್ದೀಯೋ ಇಲ್ಲವೋ ಅದೂ ನನಗೆ ಗೊತ್ತಿರಲಿಲ್ಲ. ಟೋಪಿ ಹುಡುಕಿದೆ. ಫಕ್ರುನ್ನಿಸಾ ಬರೆದ ಪಟಕಾ ನೆನಪಾಯಿತು, ಆದರೆ ಅಲ್ಲಿ ಅರ್ಧಕ್ಕರ್ಧ ಮಂದಿಯ ತಲೆಯ ಮೇಲೆ ಬಿಳಿ ಪಟಕಾ. ಪಟಕಾ ಸುತ್ತಿದ ಒಬ್ಬ ಹಿರಿಯರ ಮುಂದೆ ಯಾಕೋ ನಿಂತೆ. ತೊಡೆಯ ಮೇಲಿದ್ದ ಅವರ ಕೈ ಸ್ವಲ್ಪ ಎದ್ದಂತಾಗಿ ಮತ್ತೆ ಕೂತಿತು. ನಿಂಬರ್ಗಾದ ಕಡೆಯ ಯಾರೋ ಗೌಡರಿರಬೇಕೆಂದು ಮುಂದೆ ಸರಿದೆ.

ಸಂಜೆಯ ಬಸ್ಸಿಗೆ ಹೊರಟುಬಂದೆ. ದಾರಿಯಲ್ಲೆಲ್ಲ ತೊಗರಿ ಹೊಲ. ಬಲಗಡೆಯ ಹೊಲ ಮಾತ್ರ ನೋಡಿದೆ.

ಇದಕ್ಕಿಂತ ಹೆಚ್ಚು ನಾನು ಏನೂ ಮಾಡಲಾರೆ. ಹಣ್ಣಾಗಲಿ.

ದೌಲತರಾಯ


ಅಫಜಲಪುರ
22 ಮಾರ್ಚ್ 1981

ಲೇ ದೌಲ್ಯಾ,

ಅಕ್ಷರ ಕುಂಬಳಕಾಯಿಯಷ್ಟು ದೊಡ್ಡವಾಗಿವೆ. ಸಾಲು ಗುಡ್ಡ ಹತ್ತುತ್ತಿದೆ. ಇರಲಿ. ನನ್ನ ಕೈಯಿಂದಲೇ ಬರೆಯಬೇಕೆಂದು ಚಸ್ಮಾ ಬರುವ ತನಕ ಎರಡು ತಿಂಗಳು ತಡೆದೆ. ಫಕ್ರುನ್ನಿಸಾ ಬರೆಯುತ್ತೇನೆಂದು ಜಗಳ ತೆಗೆದಳು, ಕೊಡಲಿಲ್ಲ.

ನಾನು ಬಂದಿದ್ದೆ.

ಮೊದಲ ದಿನವೇ ಬಂದೆ. ಪಟಕಾ ಸುತ್ತಿಕೊಂಡು ಬಂದೆ. ಜೇವರ್ಗಿಯಲ್ಲಿ ನನ್ನ ಗುರುತು ಯಾರಿಗಿದೆ ಎಂದು ನೀನು ಬರೆದಿದ್ದೆಯಲ್ಲ, ಪಾಳಿಯಲ್ಲಿ ನಿಂತರೆ ಬೆನ್ನ ಹಿಂದೆ ನಮ್ಮ ಓಣಿಯ ನಿಂಬೆವ್ವನ ದನಿ! ಹತ್ತು ಮನೆಗೆ ನನ್ನ ಸುರ್ಮಾ ಒಯ್ದು ಹಂಚುವವಳು. ಅವಳ ಕಣ್ಣೂ ಮಂಜು, ನನ್ನನ್ನು ಕಂಡಿರಲಿಲ್ಲ. ಅಷ್ಟರಲ್ಲಿ ಮೇಜಿನವರು “ಹೆಸರ್ರಿ?” ಎಂದು ಕೂಗಿದರು. ನನ್ನ ಹೆಸರು ಹೇಳಿದರೆ ಕೆಟ್ಟೆ. ಬಾಯಿಗೆ ಏನು ಬಂತೋ ಅದನ್ನು ಹೇಳಿದೆ.

“ದೌಲತರಾಯ.”

“ಊರ್ರಿ?”

“ಆಳಂದ.”

ಹೀಗಾಗಿ ಐದು ದಿನ ನಾನು ನೀನಾಗಿದ್ದೆ. ದೌಲತರಾಯ ಏಳ್ರಿ, ದೌಲತರಾಯ ಗಂಜಿ ಕುಡೀರಿ, ದೌಲತರಾಯ ಕೆಮ್ಮಬ್ಯಾಡ್ರಿ. ತಲೆಯ ಎರಡೂ ಕಡೆ ಉಸುಕಿನ ಚೀಲ ಇಟ್ಟು ಅಲುಗಾಡದಂತೆ ಮಲಗಿಸಿದ್ದರು. ನಿನ್ನ ಹೆಸರಿನಲ್ಲಿ ಎಷ್ಟು ಬೈಸಿಕೊಂಡೆನೋ ಲೆಕ್ಕವಿಲ್ಲ. ನೀನು ಬಂದು ಸಲಾವುದ್ದೀನನನ್ನು ಕೇಳಿದರೆ ಅವರೆಲ್ಲಿಂದ ಕೊಟ್ಟಾರು?

ನನ್ನದು ಬಿಳಿಯದು, ಮೋತಿಬಿಂದು. ಡಾಕ್ಟರ್ ದೀಪ ಹಿಡಿದು, ಕಣ್ಣಿನ ಒತ್ತಡ ಅಳೆದು ಹೇಳಿದ. ಹುಡುಗ ಇದ್ದಾನೆ, ನಮ್ಮ ಫಕ್ರುನ್ನಿಸಾಳ ವಯಸ್ಸು. “ಅಜ್ಜಾರ, ಹಣ್ಣಾಗಲಿ ಅಂತ ಇನ್ನೊಂದು ವರ್ಷ ಕೂತಿದ್ರ ಒಳಗ ಒಡೆದು ಕಣ್ಣೇ ಕೆಡ್ತಿತ್ತು” ಎಂದ. ಕೂತಿರುವಾಗಲೇ ಕೇಳಿಬಿಟ್ಟೆ: ಒಬ್ಬ ಮನುಷ್ಯ ಚಿಕ್ಕಂದಿನಿಂದ ಸುರ್ಮಾ ಹಚ್ಚಿದರೆ ಅವನಿಗೆ ಕಾಲಾ ಮೋತಿಯಾ ಬರುತ್ತದೆಯೇ? ಬರುವುದಿಲ್ಲ ಎಂದ. ನೀನು ಬರೆದಿದ್ದೆ, ಆದರೆ ನೀನು ನನ್ನನ್ನು ಉಳಿಸಲು ಬರೆದಿರಬಹುದು ಎಂದು ನನಗೆ ಅನುಮಾನವಿತ್ತು.

ಇನ್ನು ವರಾಂಡದ ಮಾತು.

ನಿನ್ನ ಚಪ್ಪಲಿಯ ಸಪ್ಪಳ ನನಗೆ ದೂರದಿಂದಲೇ ತಿಳಿಯಿತು. ಹಿಮ್ಮಡಿ ಎಳೆದು ನಡೆಯುವ ಚಾಳಿ ನಿನಗೆ ಶಾಲೆಯಿಂದಲೂ ಇದೆ. ಹತ್ತಿರ ಬಂತು, ನನ್ನ ಮುಂದೆ ನಿಂತಿತು. ಹತ್ತಿಯ ಹಿಂದೆ ನನಗೆ ಏನೂ ಕಾಣದು. ನೀನು ನೋಡುತ್ತಿದ್ದೀ ಎಂಬುದು ಗೊತ್ತು. ಕೈ ಎತ್ತಲು ಹೋದೆ. ನಿಂಬೆವ್ವ ಮೂರನೆಯವಳಾಗಿ ಕೂತಿದ್ದಾಳೆಂಬ ಹೆದರಿಕೆ ಒಂದು. ಖರೆ ಹೇಳುತ್ತೇನೆ, ಅದು ಸಣ್ಣದು. ಈ ಸಲ ಇವನೇ ಮೊದಲು ಮಾತಾಡಲಿ ಎಂದು ಕೂತೆ. ನೀನು ಮುಂದೆ ಹೋದೆ. ಎಡಗಡೆಯಲ್ಲ, ನಟ್ಟನಡುವೆ ಎದುರಿಗೇ ಇದ್ದೆ, ಆದರೂ ಹೋದನಲ್ಲ ಎಂದುಕೊಂಡೆ. ಉಸುಕಿನ ಚೀಲಗಳ ನಡುವೆ ಮಲಗಿ ಅದನ್ನೇ ಅರೆದೆ.

ಮನೆಗೆ ಬಂದಾಗ ನಿನ್ನ ಪತ್ರ ಬಂದಿತ್ತು. ಗೌಡರು ಎಂದು ಬರೆದದ್ದನ್ನು ಫಕ್ರುನ್ನಿಸಾ ಓದಿದಳು. ಪಟ್ಟಿ ಬಿಚ್ಚಿದ ಮೇಲೆ ಕನ್ನಡಿ ತರಿಸಿದೆ. ಗಡ್ಡವಿಲ್ಲ, ತಲೆಗೆ ಪಟಕಾ. ನನಗೇ ಗುರುತು ಸಿಗಲಿಲ್ಲ. ನಕ್ಕೆ. ನಗಬಾರದು, ಹೊಲಿಗೆ ಬಿಡುತ್ತದೆ ಎಂದು ಖಾಸೀಂಬಿ ಬಾಯಿ ಮುಚ್ಚಿದಳು. ಹೆಂಡತಿಗೆ ಇಷ್ಟು ಅಧಿಕಾರ ಡಾಕ್ಟರ್ ಕೊಡಬಾರದಿತ್ತು.

ಹೊಸ ಚಸ್ಮಾದಲ್ಲಿ ಎಲ್ಲ ದೊಡ್ಡದು, ಎಲ್ಲ ಹತ್ತಿರ. ಬಾಗಿಲು ಬಿಲ್ಲಿನ ಹಾಗೆ ಬಾಗಿದೆ. ಚಹಾ ಈಗಲೂ ಕಪ್ಪಿನ ಹೊರಗೇ ಸುರಿಯುತ್ತೇನೆ, ಆದರೆ ಸುರಿದದ್ದು ಕಾಣುತ್ತದೆ. ನಿಂಬೆವ್ವನ ಬಾಯಿಗೂ ಸಿಕ್ಕಾಯಿತು. “ಏನ್ ಸಾಬರ, ಮೂಗಿನ ಮ್ಯಾಲೆ ಎರಡು ಬಾಟ್ಲಿ ತಳಾ ಇಟ್ಟೀರಿ, ಸುರ್ಮಾ ತುಂಬಾಕೇನು?” ಎಂದಳು. ಅವಳ ಮೂಗಿನ ಮೇಲೂ ಅಂಥವೇ ಎರಡು. ಖರಲನ್ನು ಅಟ್ಟಕ್ಕೇರಿಸಿದ್ದೇನೆ. ಅತ್ತರು, ಊದಿನಕಡ್ಡಿ ಸಾಕು. ಸುರ್ಮಾ ಕೇಳಿ ಬಂದವರಿಗೆ ಮೊದಲು ಕಣ್ಣು ತೋರಿಸಿಕೊಂಡು ಬಾ ಎನ್ನುತ್ತೇನೆ. ಬೈದುಕೊಂಡು ಹೋಗುತ್ತಾರೆ.

ಒಂದು ಮಾತು ಉಳಿಯಿತು. ಹೋದ ಸಂತೆಗೆ ಆಳಂದಕ್ಕೆ ಬಂದಿದ್ದೆ. ಅದೇ ಬಟ್ಟೆ ಅಂಗಡಿಯ ಮುಂದೆ, ಅದೇ ಕಡೆ ನಿಂತೆ. ನೀನು ಗಂಜಿನತ್ತ ಹೊರಟಿದ್ದೆ. ಕೈ ಎತ್ತಿದೆ. ಈಗ ನನಗೆ ನಿನ್ನ ಕಣ್ಣು ಆಳಂದದ ದರ್ಗಾದ ಗುಮ್ಮಟದಷ್ಟು ದೊಡ್ಡದಾಗಿ ಕಾಣುತ್ತದೆ. ತೆರೆದಿತ್ತು. ನನ್ನ ಮೇಲೆಯೇ ಹಾಯ್ದು ಹೋಯಿತು. ಒಳಗೆ ಯಾರೂ ಇರಲಿಲ್ಲ, ಕೀಲಿ ಹಾಕಿದ ಮನೆಯ ಹಾಗೆ.

ಕೂಗಬೇಕೆಂದುಕೊಂಡೆ, ಕೂಗಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು ಎಂದು ಮನೆಯಲ್ಲಿ ಹೇಳಿದ್ದೇನೆ.

ನಿನ್ನ
ಸಲಾವುದ್ದೀನ


ಸೊಲ್ಲಾಪುರ
19 ಆಗಸ್ಟ್ 1981

ಸಲಾವುದ್ದೀನ,

ನಿನ್ನ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಕೊನೆಯ ಭಾಗವನ್ನು ಓದಿ ಮಡಿಸಿ ಇಡುತ್ತಿದ್ದೆ. ಅದನ್ನು ಓದುವಷ್ಟು ಕಣ್ಣು ಇನ್ನೂ ಇದೆ.

ಬಲಗಣ್ಣಿನ ಒತ್ತಡ ಹನಿಗೆ ಬಗ್ಗಲಿಲ್ಲ. ಗುಳಿಗೆ ಕೊಟ್ಟರು, ಬೆರಳು ಜೋಮು ಹಿಡಿದವು, ಊಟ ಸೇರಲಿಲ್ಲ, ಒತ್ತಡ ಮಾತ್ರ ಇಳಿಯಲಿಲ್ಲ. ನಾಳೆ ಬೆಳಿಗ್ಗೆ ಆಪರೇಷನ್. ಕಣ್ಣಿನ ಬಿಳಿಭಾಗದಲ್ಲಿ ಸಣ್ಣ ದಾರಿ ಮಾಡಿ ಒಳಗಿನ ನೀರನ್ನು ಹೊರಗೆ ಬಿಡುತ್ತಾರಂತೆ. ಹೋದದ್ದು ಬರುವುದಿಲ್ಲ, ಇದ್ದದ್ದು ನಿಲ್ಲಬಹುದು. ಇಷ್ಟು ಸಣ್ಣದಾಗಿ ಉಳಿದ ದೃಷ್ಟಿ ಒಮ್ಮೊಮ್ಮೆ ಆಪರೇಷನ್ನಿನ ಮರುದಿನವೇ ಆರಿಹೋಗುವುದೂ ಉಂಟು ಎಂದು ಡಾಕ್ಟರರು ಗುರುಬಾಯಿಯ ಎದುರಿಗೇ ಹೇಳಿದರು. ಬಿಟ್ಟರೆ ಹೇಗಿದ್ದರೂ ಹೋಗುತ್ತದೆ. ಅವಳೇ, “ಕಾಯೋದು ಸಾಕು, ಮಾಡಿಸ್ರಿ” ಎಂದಳು.

ನಿನ್ನ ಪತ್ರ ಬಂದಾಗಿನಿಂದ ನನಗೊಂದು ಹೊಸ ಚಾಳಿ ಬಿದ್ದಿದೆ. ಬಜಾರದಲ್ಲಿ ಹೆಜ್ಜೆಹೆಜ್ಜೆಗೂ ಎಡಕ್ಕೆ ಮುಖ ತಿರುಗಿಸುತ್ತೇನೆ. ಯಾರಾದರೂ ಇದ್ದಾರೇನೋ ಎಂದು ಮೊದಲೇ ಶರಣು ಹೇಳಿಬಿಡುತ್ತೇನೆ. “ರಾಯರು ಲೈಟಿನ ಕಂಬಕ್ಕೂ ಶರಣು ಅನ್ನಾಕತ್ತಾರ, ಎಲೆಕ್ಷನ್ನಿಗಿ ನಿಂದ್ರತಾರೇನು?” ಎಂದು ಗಂಜಿನ ಹಮಾಲರು ನಗುತ್ತಾರೆ. ಗುರುಬಾಯಿಗೆ ನಾಚಿಕೆ. “ಯಾರನ್ನ ಹುಡುಕಾಕತ್ತೀರಿ?” ಎಂದು ಒಮ್ಮೆ ಕೇಳಿದಳು. ಅವಳಿಗೆ ನಿನ್ನ ಪತ್ರದ ಆ ಭಾಗವನ್ನು ನಾನು ಓದಿ ಹೇಳಿಲ್ಲ.

ಇಲ್ಲಿ ನನ್ನ ಮಂಚದ ಬಲಕ್ಕೆ ಕಿಟಕಿ. ಹೊರಗೆ ಬಸ್ಸಿನ ರಸ್ತೆ. ಮಧ್ಯಾಹ್ನವೆಲ್ಲ ಅದನ್ನೇ ನೋಡುತ್ತಿದ್ದೆ. ಆಳಂದದ ಕಡೆಯ ಬಸ್ಸುಗಳು ಇದೇ ದಾರಿಯಲ್ಲಿ ಬರುತ್ತವೆ. ಧೂಳು ನೋಡಿ ಹೇಳೋಣವೆಂದರೆ ಈಗ ಡಾಂಬರು ಹಾಕಿದ್ದಾರೆ. ನಿನಗೂ ಈಗ ಪಂದ್ಯ ಗೆಲ್ಲುವುದು ಕಷ್ಟ.

ಒಂದನ್ನು ಮಾತ್ರ ನಾಳೆಯ ಮೊದಲು ಬರೆದಿಡಬೇಕು. ನನ್ನ ಕಣ್ಣಿನಿಂದ ಏನೇನು ಹೋಯಿತು ಎಂದು ಡಾಕ್ಟರರು ಒಂದು ನಕ್ಷೆ ಬರೆದು ತೋರಿಸಿದರು. ಕಾಣುವ ಜಾಗ ಬಿಳಿ, ಕಾಣದ್ದು ಕರಿ. ಎಡಗಣ್ಣಿನದು ಹೆಚ್ಚುಕಡಿಮೆ ಪೂರ್ತಿ ಕರಿ. ಆ ಕರಿಯಲ್ಲಿ ಎಲ್ಲೋ ಒಂದು ಕಡೆ ನೀನು ಎರಡು ಸಲ ನಿಂತಿದ್ದೆ. ದಾವಲಸಾಬರ ಖರಲು, ನಿನ್ನ ಹದಿಹರೆಯದ ಮೀಸೆ, ಕಟ್ಟೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತ ನಿನ್ನ ಬೆನ್ನು, ಇವೆಲ್ಲ ನನ್ನಲ್ಲಿ ಇವೆ. ನಾಳೆ ಏನಾದರೂ ಅವು ಹೋಗುವುದಿಲ್ಲ. ಆ ಎರಡು ಸಲದ್ದು ಮಾತ್ರ ನನ್ನ ಬಳಿ ಇಲ್ಲ. ನೋಡಿದವನು ನೀನೊಬ್ಬನೇ.

ದೌಲತರಾಯ

ಮೊದಲ ಸಲ ನೀನು ಎತ್ತಿದ ಕೈ ಹಣೆಯವರೆಗೆ ಬಂದಿತ್ತೋ, ಎದೆಯ ಹತ್ತಿರವೇ ನಿಂತಿತ್ತೋ? ನಾನು ದಾಟಿ ಹೋದ ಮೇಲೆ ಅದನ್ನು ಎಷ್ಟು ಹೊತ್ತು ಹಾಗೆಯೇ ಹಿಡಿದಿದ್ದೆ?